ಮನೆ ಕಂಟ್ರಾಕ್ಟರ್ ಜೊತೆ ತಕರಾರು: ರಸಮಟ್ಟದಿಂದ ಕೋರ್ಟ್ ಮೆಟ್ಟಿಲವರೆಗೆ

ಬಚ್ಚಲುಮನೆಗೆ ಟೈಲ್ಸ್ ಹಾಕಿ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿದೆ. ನೀರು ಹೊರಹೋಗುವ ಜಾಲಿಯ ಕಡೆ ಹೋಗಲಿಲ್ಲ, ಹೊಸ್ತಿಲ ಕಡೆ ಬಂತು. ಕಂಟ್ರಾಕ್ಟರಿಗೆ ಫೋನ್ ಮಾಡಿದರೆ "ಸಾರ್, ವೈಪರ್ ಹಾಕಿ ಎಳೆದರೆ ಆಯ್ತು, ಎಲ್ಲಾ ಮನೆಯಲ್ಲೂ ಹೀಗೇ" ಅಂದರು. ನಾನು ರೇಗಿದೆ, ಅವರೂ ರೇಗಿದರು. ಹತ್ತು ನಿಮಿಷದ ಆ ಫೋನಿನಲ್ಲಿ ಬಚ್ಚಲಿನ ವಿಷಯ ಒಂದು ನಿಮಿಷವೂ ಇರಲಿಲ್ಲ. ಯಾರು ಯಾರಿಗೆ ಮರ್ಯಾದೆ ಕೊಡಲಿಲ್ಲ ಅನ್ನುವುದೇ ಮಾತು. ಆಮೇಲೆ ಮೂರು ವಾರ ಅವರು ಫೋನ್ ಎತ್ತಲಿಲ್ಲ.

ಕೊನೆಗೆ ಅದನ್ನು ಬಗೆಹರಿಸಿದ್ದು ಟೈಲ್ಸ್ ಹಾಕಿದವನದ್ದೇ ರಸಮಟ್ಟ, ಅಂದರೆ ಒಳಗಿನ ಗಾಳಿಗುಳ್ಳೆಯಿಂದ ಮಟ್ಟ ತೋರಿಸುವ ಪಟ್ಟಿ. ನೆಲದ ಮೇಲೆ ಇಟ್ಟಾಗ ಗುಳ್ಳೆ ಜಾಲಿಯ ಕಡೆಗೆ ಸರಿಯಿತು. ಗುಳ್ಳೆ ಯಾವಾಗಲೂ ಎತ್ತರದ ಕಡೆಗೆ ಹೋಗುತ್ತದೆ. ಅಂದರೆ ಜಾಲಿಯೇ ಎತ್ತರದಲ್ಲಿತ್ತು. ಕಂಟ್ರಾಕ್ಟರ್ ಬಗ್ಗಿ ನೋಡಿದರು, ಮೀಸೆ ತಿರುವಿದರು, "ಸೋಮವಾರ ಹುಡುಗರನ್ನ ಕಳಿಸ್ತೀನಿ" ಅಂದರು. ಅಷ್ಟೇ. ಮೂರು ವಾರದ ಜಗಳಕ್ಕೆ ಮದ್ದು ಮೊದಲ ದಿನವೇ ಮನೆಯಲ್ಲೇ ಬಿದ್ದಿತ್ತು.

ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಹೇಳುವುದು ಒಂದೇ. "ಕೆಲಸ ಕೆಟ್ಟದಾಗಿದೆ", "ಮೋಸ ಮಾಡಿದ್ರಿ" ಅನ್ನುವ ಮಾತುಗಳನ್ನು ಅಳೆಯಬಹುದಾದ ಮಾತುಗಳಾಗಿ ಬದಲಾಯಿಸಿ. ಎಷ್ಟು ಅಡಿ, ಎಷ್ಟು ಮಿಲಿಮೀಟರ್, ಯಾವ ತಾರೀಖು, ಎಷ್ಟು ಹಣ. ಕಂಟ್ರಾಕ್ಟರ್ ಎದುರು ಕೂತಾಗಲೂ ಇದೇ ಬೇಕು, ಕೋರ್ಟಿಗೆ ಹೋದರೂ ಇದೇ ಬೇಕು.

ಮೊದಲು, ಏನು ಮಾಡಬಾರದು

ಸಿಟ್ಟು ಬಂದ ದಿನ ಯಾವ ತೀರ್ಮಾನವೂ ಬೇಡ. ಮುಖ್ಯವಾಗಿ ಮೂರು ತಪ್ಪು ಆಗದಂತೆ ನೋಡಿಕೊಳ್ಳಿ.

ಒಂದು, "ಇನ್ನು ನಮ್ಮ ಸೈಟಿಗೆ ಕಾಲಿಡಬೇಡಿ" ಅಂತ ಕಂಟ್ರಾಕ್ಟರನ್ನು ಓಡಿಸುವುದು. ಹಾಗೆ ಮಾಡಿದರೆ ಕೆಲಸ ಬಿಟ್ಟು ಹೋದವರು ಅವರಲ್ಲ, ಬಿಡಿಸಿದವರು ನೀವು ಅಂತಾಗುತ್ತದೆ. ತಪ್ಪು ಸರಿಪಡಿಸಲು ಅವರಿಗೆ ಅವಕಾಶವನ್ನೇ ಕೊಡಲಿಲ್ಲ ಅನ್ನುವ ವಾದ ಮುಂದೆ ನಿಮ್ಮ ಕಾಲಿಗೇ ಸುತ್ತಿಕೊಳ್ಳುತ್ತದೆ.

ಎರಡು, ಕೆಟ್ಟ ಕೆಲಸವನ್ನು ಕೂಡಲೇ ಒಡೆದು ಬೇರೆಯವರಿಂದ ಮಾಡಿಸುವುದು. ಒಡೆದ ಮೇಲೆ ಸಾಕ್ಷಿಯೂ ಹೋಯಿತು. ಮೇಲಿಂದ ನೀರು ಸ್ವಿಚ್ ಬೋರ್ಡಿಗೆ ಇಳಿಯುತ್ತಿದೆ, ಸಜ್ಜಾ ಕೆಳಗೆ ಬೀಳುವ ಹಾಗಿದೆ ಅಂತಿದ್ದರೆ ಕಾಯಬೇಡಿ, ಸರಿ ಮಾಡಿಸಿ. ಆದರೆ ಒಡೆಯುವ ಮುಂಚೆ, ಒಡೆಯುವಾಗ, ಒಡೆದ ಮೇಲೆ ವಿಡಿಯೋ ಮಾಡಿ. ಕಿತ್ತ ಪೈಪು, ಬಿದ್ದ ಗಾರೆಯ ತುಂಡನ್ನು ಚೀಲದಲ್ಲಿ ಹಾಕಿ ತಾರೀಖು ಬರೆದಿಡಿ.

ಮೂರು, ಬಾಯಿಮಾತಿನ ಭರವಸೆಗೆ ಇನ್ನೊಂದು ಕಂತು ಕೊಡುವುದು. "ಹುಡುಗರಿಗೆ ಬಟವಾಡೆ ಮಾಡಬೇಕು, ಇದೊಂದು ಸಲ ಕೊಡಿ ಸಾರ್" ಅನ್ನುವ ಮಾತಿಗೆ ಮನಸ್ಸು ಕರಗುತ್ತದೆ, ನಿಜ. ಕೊಡಲೇಬೇಕು ಅನ್ನಿಸಿದರೆ ಯಾವ ಕೆಲಸಕ್ಕೆ ಅಂತ ಬರೆಸಿಕೊಂಡು ಬ್ಯಾಂಕಿನ ಮೂಲಕ ಕೊಡಿ. ನಿಮ್ಮ ಕೈಯಲ್ಲಿ ಉಳಿದಿರುವ ಹಣಕ್ಕಿಂತ ದೊಡ್ಡ ಹಿಡಿತ ನಿಮಗೆ ಬೇರೆ ಯಾವುದೂ ಇರುವುದಿಲ್ಲ.

ಕಾಗದ ಪತ್ರ ಒಟ್ಟು ಮಾಡುವುದು

ಒಪ್ಪಂದ ಪತ್ರ, ಪ್ಲಾನ್, ಕೊಟೇಶನ್, ಬಿಲ್ಲು, ಬ್ಯಾಂಕ್ ವಿವರ, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಸೇರಿಸಿ. "ನಮ್ಮದು ಬರೀ ಬಾಯಿಮಾತು, ಅಗ್ರಿಮೆಂಟೇ ಇಲ್ಲ" ಅನ್ನುವವರೇ ಜಾಸ್ತಿ. ಗಾಬರಿ ಬೇಡ. ಬಾಯಿಮಾತಿನ ಒಪ್ಪಂದಕ್ಕೂ ಸಾಮಾನ್ಯವಾಗಿ ಬೆಲೆ ಇದೆ, ಸಾಬೀತು ಮಾಡುವುದು ಮಾತ್ರ ಕಷ್ಟ. ಕೊಟೇಶನ್ನಿನ ಫೋಟೋ, "ಓಕೆ ಸಾರ್, ನಾಳೆಯಿಂದ ಶುರು" ಅನ್ನುವ ಮೆಸೇಜು, ಅದರ ಮಾರನೇ ದಿನದ ಹಣದ ವರ್ಗಾವಣೆ: ಈ ಮೂರನ್ನು ಪಕ್ಕಪಕ್ಕ ಇಟ್ಟರೆ ಅದೇ ಒಂದು ಒಪ್ಪಂದದ ಹಾಗೆ ಕಾಣುತ್ತದೆ.

ಫೋಟೋ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಫೋನಿನಲ್ಲಿ ತೆಗೆದ ಮೂಲ ಫೋಟೋದ ಒಳಗೆ ತಾರೀಖು, ಸಮಯ ಅಡಗಿರುತ್ತದೆ. ಅದನ್ನೇ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಅದಕ್ಕೆ ಮೂಲ ಫೋಟೋ ಅಳಿಸಬೇಡಿ, ಇನ್ನೊಂದು ಕಡೆ ಕಾಪಿ ಇಡಿ. ಬಿರುಕಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲು ಹಿಡಿಯಿರಿ. ಮೊದಲು ದೂರದಿಂದ ಇಡೀ ಗೋಡೆ, ಆಮೇಲೆ ಹತ್ತಿರದಿಂದ ಬಿರುಕು. ಬರೀ ಹತ್ತಿರದ ಫೋಟೋ ಆದರೆ ಅದು ಯಾವ ಗೋಡೆ ಅಂತ ಆರು ತಿಂಗಳಾದ ಮೇಲೆ ನಿಮಗೇ ಗೊತ್ತಾಗುವುದಿಲ್ಲ.

ದೋಷ ನಿಜವಾಗಿಯೂ ದೋಷವೇ?

ಇಲ್ಲಿ ಆತುರ ಬೇಡ. ಮನೆ ಯಜಮಾನರು ಸೋಲುವುದೂ ಇಲ್ಲೇ, ಗೆಲ್ಲುವುದೂ ಇಲ್ಲೇ. ಇಪ್ಪತ್ತು ದೂರಿನ ಪಟ್ಟಿಯಲ್ಲಿ ಹದಿನೈದು ಸಣ್ಣಪುಟ್ಟವಾದರೆ ನಿಜವಾದ ಐದರ ತೂಕವೂ ಇಳಿಯುತ್ತದೆ.

ಬಿರುಕು ತೆಗೆದುಕೊಳ್ಳಿ. ಹೊಸ ಪ್ಲಾಸ್ಟರಿನ ಮೇಲೆ ಜೇಡರ ಬಲೆಯ ಹಾಗೆ ಕೂದಲೆಳೆ ಬಿರುಕು ಬಂದಿದ್ದರೆ ಅದು ಹೆಚ್ಚಾಗಿ ಗಾರೆ ಒಣಗುವಾಗ ಕುಗ್ಗಿದ್ದರಿಂದ ಬಂದದ್ದು. ಸಿಮೆಂಟು ಜಾಸ್ತಿಯಾದರೆ, ಕ್ಯೂರಿಂಗ್ (ನೀರು ಹಾಕಿ ಹದ ಮಾಡುವುದು) ಸರಿಯಾಗಿ ಆಗದಿದ್ದರೆ ಹೀಗಾಗುತ್ತದೆ. ನೋಡಲು ಚೆನ್ನಾಗಿಲ್ಲ, ಆದರೆ ಮನೆ ಬೀಳುವುದಿಲ್ಲ. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೆಟ್ಟಗೆ ಗೆರೆ ಎಳೆದ ಹಾಗಿದ್ದರೆ, ಅಲ್ಲಿ ಪ್ಲಾಸ್ಟರಿಂಗ್‌ಗೆ ಮುಂಚೆ ಜಾಲರಿ ಹೊಡೆಯದೇ ಇರಬಹುದು. ಎರಡು ಬೇರೆ ಬೇರೆ ವಸ್ತುಗಳು ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ, ಅದಕ್ಕೇ ಆ ಬಿರುಕು. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು, ಅದೂ ದಿನೇ ದಿನೇ ಅಗಲವಾಗುತ್ತಿದ್ದರೆ ಸುಮ್ನೆ ಬಿಡಬೇಡಿ. ಪಾಯ ಒಂದು ಕಡೆ ಕುಸಿಯುತ್ತಿರಬಹುದು.

ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿಗೆ ಅಡ್ಡವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಮೆತ್ತಿ. ಕೆಲವು ವಾರಗಳಲ್ಲಿ ಆ ಪಟ್ಟಿಯೂ ಸೀಳಿದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಅಂತ ಅರ್ಥ.

ತೇವಕ್ಕೆ ಬೇರೆ ಪರೀಕ್ಷೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಂಟ್ರಾಕ್ಟರ್ ತಪ್ಪಲ್ಲ, ಕಿಟಕಿ ತೆಗೆಯಬೇಕು ಅಷ್ಟೇ. ಪೈಪು ಸೋರುತ್ತಿದೆ ಅನ್ನುವ ಅನುಮಾನ ಇದ್ದರೆ ರಾತ್ರಿ ಎಲ್ಲಾ ನಲ್ಲಿ ನಿಲ್ಲಿಸಿ ನೀರಿನ ಮೀಟರಿನ ಅಂಕಿ ಬರೆದಿಡಿ, ಬೆಳಗ್ಗೆ ಮತ್ತೆ ನೋಡಿ.

ಬಚ್ಚಲು, ತಾರಸಿಗೆ ನೀರು ನಿಲ್ಲಿಸುವ ಪರೀಕ್ಷೆಯೇ ಸರಿ. ಜಾಲಿಗೆ ಬಟ್ಟೆ ತುರುಕಿ ಒಂದೆರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟದ ಗುರುತು ಹಾಕಿ, 24 ರಿಂದ 48 ಗಂಟೆ ಬಿಡಿ. ಕೆಳಗಿನ ಸೀಲಿಂಗ್ ನೋಡುತ್ತಿರಿ. ಈ ಪರೀಕ್ಷೆಯನ್ನು ಕಂಟ್ರಾಕ್ಟರ್ ಎದುರಿಗೇ ಶುರು ಮಾಡಿದರೆ ಒಳ್ಳೆಯದು. ಬಚ್ಚಲಿನ ಇಳಿಜಾರು ಒಂದು ಮೀಟರಿಗೆ 1 ರಿಂದ 2 ಸೆಂ.ಮೀ. ಇದ್ದರೆ ನೀರು ತಾನಾಗಿ ಹರಿಯುತ್ತದೆ. ಟೈಲ್ಸನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಣಿಸಿ. "ಟೈಲ್ಸ್ ಸರಿಯಿಲ್ಲ" ಅನ್ನುವುದಕ್ಕೂ "ಹಾಲಿನ 140 ಟೈಲ್ಸಿನಲ್ಲಿ 23 ಟೊಳ್ಳು" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಕಾಂಕ್ರೀಟಿನ ಬಗ್ಗೆ ಅನುಮಾನ ಬಂದರೆ ಮಾತ್ರ ನೀವೇ ಪಂಡಿತರಾಗಬೇಡಿ. ಮೌಲ್ಡ್ (ಮೇಲ್ಛಾವಣಿಯ ಕಾಂಕ್ರೀಟು) ಹಾಕುವ ದಿನವೇ ಅದೇ ಕಾಂಕ್ರೀಟನ್ನು ಸಣ್ಣ ಘನಾಕಾರದ ಅಚ್ಚಿಗೆ (ಕ್ಯೂಬ್) ತುಂಬಿ 28 ದಿನಕ್ಕೆ ಒಡೆದು ನೋಡುವುದು ಸರಿಯಾದ ಕ್ರಮ. ಅದು ಆಗಿಲ್ಲದಿದ್ದರೆ ಗಟ್ಟಿಯಾದ ಕಾಂಕ್ರೀಟಿಗೂ ಪರೀಕ್ಷೆಗಳಿವೆ. ಬಡಿದು ಪುಟಿಯುವುದನ್ನು ಅಳೆಯುವ ರಿಬೌಂಡ್ ಹ್ಯಾಮರ್ ಮೇಲ್ಮೈಯ ಗಟ್ಟಿತನ ಮಾತ್ರ ಹೇಳುತ್ತದೆ. ಅಲ್ಟ್ರಾಸೋನಿಕ್ ಪರೀಕ್ಷೆ ಒಳಗಿನ ಟೊಳ್ಳು, ಬಿರುಕಿನ ಸುಳಿವು ಕೊಡುತ್ತದೆ. ಕೋರ್ (ಉರುಳೆಯಾಕಾರದ ತುಂಡು) ಕೊರೆದು ತೆಗೆದು ಒಡೆಯುವುದೇ ಹೆಚ್ಚು ನಂಬಿಕೆಯದ್ದು, ಖರ್ಚೂ ಜಾಸ್ತಿ. ಬರೀ ಹ್ಯಾಮರ್ ವರದಿ ಹಿಡಿದು ಜಗಳಕ್ಕೆ ಹೋದರೆ ಎದುರಿನ ಎಂಜಿನಿಯರ್ ಎರಡು ಮಾತಿನಲ್ಲಿ ಕೆಡವುತ್ತಾರೆ. ಇಂಥ ಕೆಲಸಕ್ಕೆ ಕಂಟ್ರಾಕ್ಟರಿಗೂ ನಿಮಗೂ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ, ಸಹಿ ಹಾಕಿದ ವರದಿ ಪಡೆಯಿರಿ.

ಲೆಕ್ಕವನ್ನು ಬಿಡಿಸಿ ಇಡುವುದು

ಹಣದ ಜಗಳ ದೊಡ್ಡದಾಗಿ ಕಾಣುವುದು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮಾತಾಡುವುದರಿಂದ. ಒಪ್ಪಂದದ ಒಟ್ಟು ಮೊತ್ತ 100 ಅಂತ ಇಟ್ಟುಕೊಳ್ಳೋಣ. ನೀವು ಈಗಾಗಲೇ 80 ಕೊಟ್ಟಿದ್ದೀರಿ.

ನಿಮ್ಮ ಲೆಕ್ಕ ಹೀಗೆ: ಆಗಿರುವ ಕೆಲಸ 72, ಒಪ್ಪಿದ ಎಕ್ಸ್‌ಟ್ರಾ ಕೆಲಸ 4, ದೋಷ ಸರಿಪಡಿಸುವ ಖರ್ಚು 6. ಅಂದರೆ ಅವರಿಗೆ ಸೇರಬೇಕಾದ್ದು 70. ಅವರೇ 10 ವಾಪಸ್ ಕೊಡಬೇಕು. ಕಂಟ್ರಾಕ್ಟರ್ ಲೆಕ್ಕ ಬೇರೆ: ಕೆಲಸ 78, ಎಕ್ಸ್‌ಟ್ರಾ 9, ದೋಷ ಏನೂ ಇಲ್ಲ. ಒಟ್ಟು 87, ನೀವೇ ಇನ್ನೂ 7 ಕೊಡಬೇಕು. ಇಬ್ಬರ ನಡುವೆ 17ರ ಕಂದಕ.

ಬಿಡಿಸಿ ನೋಡಿದರೆ ಆ 17 ಅನ್ನುವುದು ಮೂರು ಸಣ್ಣ ಜಗಳ. ಆಗಿರುವ ಕೆಲಸದಲ್ಲಿ 6, ಎಕ್ಸ್‌ಟ್ರಾದಲ್ಲಿ 5, ದೋಷದಲ್ಲಿ 6. ಒಂದೊಂದಕ್ಕೂ ಮದ್ದು ಬೇರೆ.

ಕೆಲಸದ 6ಕ್ಕೆ ಅಳತೆ ಟೇಪೇ ಮದ್ದು. ಇಬ್ಬರೂ ಒಟ್ಟಿಗೆ ನಿಂತು ಅಳೆದು, ಒಂದೇ ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ. ಚದರಡಿ ಲೆಕ್ಕದಲ್ಲಿ ಕೆಲಸ ಕೊಟ್ಟಿದ್ದರೆ ತಕರಾರು ಹೆಚ್ಚಾಗಿ ಟೇಪಿನದ್ದಲ್ಲ, ಏನನ್ನು ಸೇರಿಸಬೇಕು ಅನ್ನುವುದು. ಬಾಲ್ಕನಿ ಪೂರ್ತಿಯೋ ಅರ್ಧವೋ? ಮೆಟ್ಟಿಲ ಮೇಲಿನ ಹೆಡ್‌ರೂಮ್ ಸೇರುತ್ತದೆಯೋ? ಸಜ್ಜಾ, ಸಂಪು, ಕಾಂಪೌಂಡು? ಒಪ್ಪಂದದಲ್ಲಿ ಬರೆದಿದ್ದರೆ ಅದೇ ಕೊನೆ. ಬರೆದಿಲ್ಲದಿದ್ದರೆ ಹಿಂದಿನ ಕಂತುಗಳ ಬಿಲ್ಲನ್ನು ಯಾವ ಲೆಕ್ಕದಲ್ಲಿ ಇಬ್ಬರೂ ಒಪ್ಪಿದ್ದಿರಿ ಅಂತ ನೋಡಿ.

ಎಕ್ಸ್‌ಟ್ರಾದ 5ಕ್ಕೆ ಮೆಸೇಜುಗಳೇ ಮದ್ದು. ಇಲ್ಲಿ ಸ್ವಲ್ಪ ಆತ್ಮಸಾಕ್ಷಿಯೂ ಬೇಕು. "ಇಲ್ಲೊಂದು ಶೆಲ್ಫ್ ಹಾಕಿಬಿಡಿ, ಈ ಪಾಯಿಂಟ್ ಆ ಕಡೆ ತಗೊಳ್ಳಿ" ಅಂತ ನೀವು ಸೈಟಿನಲ್ಲಿ ಹೇಳಿದ್ದು ನೆನಪಿದ್ದರೆ ಒಪ್ಪಿಕೊಳ್ಳಿ. ರೇಟು ಜಾಸ್ತಿ ಅಂತ ವಾದಿಸಬಹುದು, ಹೇಳಲೇ ಇಲ್ಲ ಅಂದರೆ ಮಿಕ್ಕ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಇನ್ನು ದೋಷದ 6. ಇಲ್ಲಿ ಒಂದು ಗುಟ್ಟಿದೆ. ಹೊಸಬರನ್ನು ಕರೆದು ರಿಪೇರಿ ಮಾಡಿಸಿದರೆ ನಿಮಗೆ 6 ಆಗುವ ಕೆಲಸ ಅದೇ ಕಂಟ್ರಾಕ್ಟರಿಗೆ 3ರಲ್ಲಿ ಮುಗಿಯಬಹುದು. ಆಳು ಅವರದ್ದೇ, ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆ ಕೊಡುವ ಹಲಗೆ, ಕಂಬ) ಸಾಮಾನು ಅವರದ್ದೇ, ಯಾವ ಪೈಪು ಎಲ್ಲಿ ಹೋಗಿದೆ ಅನ್ನುವುದೂ ಅವರಿಗೆ ಗೊತ್ತು. ಹಾಗಾಗಿ ಹಣ ಮುರಿದುಕೊಳ್ಳುವುದಕ್ಕಿಂತ ಅವರಿಂದಲೇ ಸರಿ ಮಾಡಿಸುವುದು ಇಬ್ಬರಿಗೂ ಅಗ್ಗ. ನಂಬಿಕೆ ಪೂರ್ತಿ ಮುರಿದಿದ್ದರೆ ಬೇರೆ ಮಾತು.

ಹೀಗೆ ಅಳತೆಯಲ್ಲಿ 75, ಎಕ್ಸ್‌ಟ್ರಾ 6 ಅಂತ ನಿಂತರೆ ಒಟ್ಟು 81. ರಿಪೇರಿ ಮಾಡಿಕೊಟ್ಟರೆ ನೀವು 1 ಕೊಡಬೇಕು. ಮಾಡದಿದ್ದರೆ ಅವರು 5 ವಾಪಸ್ ಕೊಡಬೇಕು. ಇದನ್ನು ಹಾಳೆಯ ಮೇಲೆ ಬರೆದು ಎದುರಿಗೆ ಇಟ್ಟರೆ ಎದುರಿನವರೂ ಲೆಕ್ಕ ಹಾಕಲು ಶುರು ಮಾಡುತ್ತಾರೆ.

ಎದುರುಬದುರು ಕೂತು ಮಾತು

ಸೈಟಿನಲ್ಲೇ ಸೇರಿ, ಬೆಳಕಿರುವಾಗ. ಕೆಲಸಗಾರರ ಮುಂದೆ, ನೆಂಟರ ಮುಂದೆ ಬೈಯಬೇಡಿ. ನಾಲ್ಕು ಜನರ ಎದುರು ತಪ್ಪು ಒಪ್ಪಿಕೊಳ್ಳುವ ಮನುಷ್ಯ ಅಪರೂಪ. ಪಟ್ಟಿಯ ಎರಡು ಪ್ರತಿ ಇರಲಿ. ಒಂದೊಂದೇ ಜಾಗಕ್ಕೆ ಹೋಗಿ, ತೋರಿಸಿ, ಅವರ ಉತ್ತರ ಬರೆದುಕೊಳ್ಳಿ. ಅವರಿಗೂ ದೂರು ಇರಬಹುದು: ಗ್ರಾನೈಟ್ ಆರಿಸಲು ನೀವು ಒಂದು ತಿಂಗಳು ತೆಗೆದುಕೊಂಡಿರಿ, ಕಂತು ತಡವಾಗಿ ಬಂತು. ನಿಜ ಇದ್ದರೆ ಅದನ್ನೂ ಬರೆಯಿರಿ. ತಡವಾದ ದಿನಗಳನ್ನು ಎಣಿಸುವಾಗ ನಿಮ್ಮಿಂದ ಆದ ತಡ ಕಳೆಯಲೇಬೇಕು.

ಮನೆಗೆ ಬಂದ ಮೇಲೆ ಅದೇ ದಿನ ಒಂದು ಮೆಸೇಜು ಹಾಕಿ: "ಇವತ್ತು ಮಾತಾಡಿದಂತೆ ಬಚ್ಚಲಿನ ಇಳಿಜಾರು 15ರೊಳಗೆ, ಕಿಟಕಿ ಮೂಲೆಯ ಬಿರುಕು 20ರೊಳಗೆ ಸರಿ ಮಾಡುತ್ತೀರಿ. ಏನಾದರೂ ತಪ್ಪಿದ್ದರೆ ತಿಳಿಸಿ." ಅವರು ಕಳಿಸುವ ಒಂದು ಹೆಬ್ಬೆರಳಿನ ಚಿತ್ರವೂ ಮುಂದೆ ಉಪಯೋಗಕ್ಕೆ ಬರುತ್ತದೆ.

ಮಾತು ಮುರಿದರೆ ಪತ್ರ

ಹೇಳಿದ ದಿನ ದಾಟಿತು, ಯಾರೂ ಬರಲಿಲ್ಲ. ಈಗ ಬರವಣಿಗೆಯಲ್ಲಿ ಹೋಗಬೇಕು, ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ, ಇಮೇಲಿನಲ್ಲೂ. ಬೈಗುಳ ಬೇಡ. ಪತ್ರ ಇಷ್ಟು ಇದ್ದರೆ ಸಾಕು:

"ಮಾನ್ಯರೇ, ನಮ್ಮ ಮನೆಯ ಕೆಲಸಕ್ಕೆ ಸಂಬಂಧಿಸಿ ಜೊತೆಗಿರುವ ಪಟ್ಟಿಯ 7 ದೋಷಗಳನ್ನು ಇಬ್ಬರೂ ಸೈಟಿನಲ್ಲಿ ನೋಡಿದ್ದೇವೆ. ಸರಿಪಡಿಸುವುದಾಗಿ ನೀವು ಒಪ್ಪಿದ ದಿನ ದಾಟಿದೆ. ಈ ಪತ್ರ ತಲುಪಿದ 14 ದಿನದೊಳಗೆ ಕೆಲಸ ಶುರು ಮಾಡಿ, 30 ದಿನದೊಳಗೆ ಮುಗಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಮನೆಗೆ ಬರಲು ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಅಡ್ಡಿಯಿಲ್ಲ. ತಪ್ಪಿದಲ್ಲಿ ಬೇರೆಯವರಿಂದ ಮಾಡಿಸಿ, ಆ ಖರ್ಚನ್ನು ನಿಮಗೆ ಸೇರಬೇಕಾದ ಹಣದಲ್ಲಿ ಮುರಿದುಕೊಳ್ಳುತ್ತೇನೆ. ಸಾಲದಿದ್ದರೆ ಉಳಿದದ್ದನ್ನು ನಿಮ್ಮಿಂದ ವಸೂಲು ಮಾಡಲು ಕ್ರಮ ಕೈಗೊಳ್ಳುತ್ತೇನೆ."

ಒಪ್ಪಂದದಲ್ಲಿ ನೋಟಿಸಿಗೆ ಇಷ್ಟು ದಿನ ಅಂತ ಇದ್ದರೆ ಅದೇ ದಿನ ಹಾಕಿ. "ಮನೆಗೆ ಬರಲು ಅಡ್ಡಿಯಿಲ್ಲ" ಅನ್ನುವ ಸಾಲನ್ನು ಬಿಡಬೇಡಿ. ಬಾಗಿಲು ತೆರೆದೇ ಇಟ್ಟಿದ್ದೆ ಅಂತ ಮುಂದೆ ತೋರಿಸಲು ಅದು ಬೇಕು.

ಮೂರನೆಯವರು

ಇಬ್ಬರೂ ಒಪ್ಪುವ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಸಿಕ್ಕರೆ ಅರ್ಧ ಕೆಲಸ ಆಯಿತು. ಅವರ ಫೀಸನ್ನು ಅರ್ಧ ಅರ್ಧ ಕೊಡಿ. ಪೂರ್ತಿ ನೀವೇ ಕೊಟ್ಟರೆ ಅವರು ನಿಮ್ಮ ಕಡೆಯವರಾಗಿ ಕಾಣುತ್ತಾರೆ.

ಕಾನೂನಿನ ಮಧ್ಯಸ್ಥಿಕೆಯಲ್ಲಿ ಎರಡು ಬಗೆ ಇದೆ, ಗೊಂದಲ ಬೇಡ. ಮೀಡಿಯೇಶನ್‌ನಲ್ಲಿ ಮಧ್ಯಸ್ಥರು ಮಾತಾಡಿಸುತ್ತಾರೆ, ತೀರ್ಪು ಕೊಡುವುದಿಲ್ಲ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆರ್ಬಿಟ್ರೇಶನ್‌ನಲ್ಲಿ ಕೊಟ್ಟ ತೀರ್ಮಾನಕ್ಕೆ ಇಬ್ಬರೂ ಕಟ್ಟುಬೀಳಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಇರುವ ದಾರಿ ತುಂಬಾ ಕಿರಿದು. ಒಪ್ಪಂದದ ಕೊನೆಯ ಪುಟದಲ್ಲಿ ಆರ್ಬಿಟ್ರೇಶನ್ ಷರತ್ತು ಇದೆಯೇ ಅಂತ ಈಗಲೇ ನೋಡಿ. ಇದ್ದರೆ ಕೋರ್ಟಿನ ದಾರಿಯೇ ಬದಲಾಗಬಹುದು.

ಬೇರೆಯವರನ್ನು ತರುವುದು

ನೋಟಿಸಿನ ದಿನ ಮುಗಿದ ಮೇಲೆ ಮಾತ್ರ. ಮೊದಲು ಹಳೆಯ ಕೆಲಸದ ಅಳತೆ, ಫೋಟೋ ಮುಗಿಸಿ. ಕರೆದರೂ ಕಂಟ್ರಾಕ್ಟರ್ ಬರಲಿಲ್ಲ ಅಂದರೆ ಎಂಜಿನಿಯರ್ ಎದುರು ಅಳೆಯಿಸಿ. ಸೈಟಿನಲ್ಲಿ ಉಳಿದ ಸಿಮೆಂಟು, ಕಬ್ಬಿಣ, ಶೀಟುಗಳ ಪಟ್ಟಿಯನ್ನೂ ಮಾಡಿ. ಅವರ ಸಾಮಾನನ್ನು ಹಿಡಿದಿಟ್ಟುಕೊಳ್ಳಬೇಡಿ, ಅದರಿಂದ ನಿಮ್ಮ ಮೇಲೇ ದೂರು ಬರಬಹುದು.

ಕನಿಷ್ಠ ಎರಡು ಮೂರು ಕೊಟೇಶನ್ ತೆಗೆದುಕೊಳ್ಳಿ. ಹೊಸ ಕೆಲಸ ಹಳೆಯ ಒಪ್ಪಂದದ ಮಟ್ಟದ್ದೇ ಇರಲಿ. ಮಾಮೂಲಿ ಟೈಲ್ಸ್ ಜಾಗಕ್ಕೆ ಇಟಾಲಿಯನ್ ಮಾರ್ಬಲ್ ಹಾಕಿಸಿ ಆ ಬಿಲ್ಲನ್ನು ಹಳೆಯ ಕಂಟ್ರಾಕ್ಟರ್ ತಲೆಗೆ ಕಟ್ಟಲು ಆಗುವುದಿಲ್ಲ. ನಷ್ಟ ಬೆಳೆಯದಂತೆ ತಡೆಯುವುದು ನಿಮ್ಮ ಹೊಣೆಯೂ ಹೌದು. ಸೋರುವ ತಾರಸಿಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟು, ಕೊನೆಗೆ ಪೀಠೋಪಕರಣ ಹಾಳಾಯಿತು ಅಂತ ಕೇಳಿದರೆ ಪೂರ್ತಿ ಸಿಗುವುದು ಕಷ್ಟ.

ಇನ್ನೊಂದು, ಹೆಚ್ಚಿನವರು ಮರೆಯುವುದು: ಇಟ್ಟಿಗೆ ಕೊಟ್ಟವರು, ಪ್ಲಂಬರ್, ಎಲೆಕ್ಟ್ರಿಷಿಯನ್ ಇವರಿಗೆ ಕಂಟ್ರಾಕ್ಟರ್ ಹಣ ಕೊಟ್ಟಿದ್ದಾರೆಯೇ? ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಹಣ ಸಿಗದ ಇಂಥವರು ನೇರವಾಗಿ ನಿಮ್ಮ ಮನೆಯ ಮೇಲೆಯೇ ಹಕ್ಕು ಸಾಧಿಸಬಹುದು. ಅಂಥ ಕಾನೂನು ಇಲ್ಲದ ಕಡೆಯೂ ಅವರು ಗೇಟಿನ ಮುಂದೆ ಬಂದು ನಿಲ್ಲುವುದಂತೂ ಇದ್ದದ್ದೇ.

ಕೋರ್ಟ್ ಮೆಟ್ಟಿಲು

ಹಲವು ಕಡೆ ಗ್ರಾಹಕರ ದೂರಿಗೆ, ಸಣ್ಣ ಮೊತ್ತದ ವ್ಯಾಜ್ಯಕ್ಕೆ ಬೇರೆಯೇ ವ್ಯವಸ್ಥೆ ಇರುತ್ತದೆ. ಅಲ್ಲಿ ವಕೀಲರಿಲ್ಲದೆಯೂ ಹೋಗಬಹುದು. ದೂರು ಕೊಡಲು ಕಾಲದ ಮಿತಿ ಇರುತ್ತದೆ, ಅದನ್ನು ಮೊದಲ ತಿಂಗಳೇ ತಿಳಿದುಕೊಳ್ಳಿ. "ಮಾಡಿಕೊಡ್ತೀನಿ, ಮಾಡಿಕೊಡ್ತೀನಿ" ಅನ್ನುವ ಮಾತಿನಲ್ಲೇ ಗಡುವು ಕಳೆದುಕೊಂಡವರಿದ್ದಾರೆ. ಗೆದ್ದರೆ ವಸೂಲಾಗುತ್ತದೆಯೇ ಅಂತಲೂ ಯೋಚಿಸಿ. ಕಂಟ್ರಾಕ್ಟರ್ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ತೀರ್ಪಿನ ಕಾಗದ ಮಾತ್ರ ಕೈಯಲ್ಲಿ ಉಳಿಯುತ್ತದೆ. 5ರ ಬಾಕಿಗೆ 4 ಖರ್ಚು ಮಾಡುವುದಕ್ಕಿಂತ 3ಕ್ಕೆ ರಾಜಿಯಾಗುವುದು ನನಗೆ ಸೋಲಾಗಿ ಕಾಣುವುದಿಲ್ಲ.

ಕಟ್ಟಡದ ಸುರಕ್ಷತೆಯ ಪ್ರಶ್ನೆ ಇದ್ದರೆ ಮಾತ್ರ ಈ ಲೆಕ್ಕ ಬೇಡ. ಅಲ್ಲಿ ರಾಜಿ ಬೇಡವೇ ಬೇಡ.

ರಾಜಿ ಪತ್ರ

ಕೈ ಕುಲುಕಿ ಎದ್ದು ಬರಬೇಡಿ, ಬರೆಯಿರಿ. ಯಾವ ಕೆಲಸ, ಯಾವ ಸಾಮಾನಿನಿಂದ, ಯಾವ ದಿನದೊಳಗೆ. ಸರಿಯಾಗಿದೆ ಅಂತ ಹೇಗೆ ನೋಡುವುದು ("48 ಗಂಟೆ ನೀರು ನಿಲ್ಲಿಸಿದರೆ ಕೆಳಗೆ ತೇವ ಕಾಣಬಾರದು" ಅನ್ನುವ ಹಾಗೆ). ಯಾವ ಹಂತಕ್ಕೆ ಎಷ್ಟು ಹಣ. ಕೊನೆಯ 5 ರಿಂದ 10 ಪರ್ಸೆಂಟ್ ಹಣವನ್ನು 6 ರಿಂದ 12 ತಿಂಗಳು ಹಿಡಿದಿಡುವುದು ಕಟ್ಟಡದ ಒಪ್ಪಂದಗಳಲ್ಲಿ ಸಾಮಾನ್ಯ. ಒಂದು ಮಳೆಗಾಲ ಅದರೊಳಗೆ ಬರುವಂತೆ ನೋಡಿಕೊಳ್ಳಿ. "ಎಲ್ಲಾ ಲೆಕ್ಕ ಚುಕ್ತಾ, ಇನ್ನು ಯಾವ ತಕರಾರೂ ಇಲ್ಲ" ಅನ್ನುವ ಸಾಲಿಗೆ ಸಹಿ ಹಾಕುವ ಮುಂಚೆ ಎರಡು ಸಲ ಓದಿ. ಈಗ ಕಾಣದ, ಮುಂದೆ ಹೊರಬರುವ ದೋಷಗಳನ್ನು ಅದರಿಂದ ಹೊರಗಿಡಿ.

ಕೊನೆಯ ಹಣ ಕೊಡುವ ದಿನ ಇಷ್ಟನ್ನು ಕೇಳಿ ಪಡೆಯಿರಿ: ಎಲ್ಲಾ ಬೀಗದ ಕೈ, ಮೋಟಾರು ಮತ್ತು ನಲ್ಲಿಗಳ ವಾರಂಟಿ ಕಾರ್ಡು, ಗೋಡೆ ಮುಚ್ಚುವ ಮುಂಚೆ ತೆಗೆದ ವೈರಿಂಗ್ ಮತ್ತು ಪೈಪುಗಳ ಫೋಟೋ, ಬಣ್ಣದ ಶೇಡ್ ನಂಬರು, ಉಳಿದ ಟೈಲ್ಸಿನ ಒಂದು ಬಾಕ್ಸು. ಮುಂದೊಂದು ದಿನ ಒಂದು ಟೈಲ್ ಒಡೆದರೆ ಅದೇ ಬ್ಯಾಚಿನ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.